ಪಕ್ಕದ ಸೀಟಿನ ಕಿವಿ

ಶಿಷ್ಯ ಕೇಳಿದ: "ಗುರುಗಳೇ, ನಮ್ಮಕ್ಕ ತಿಪ್ಪಮ್ಮ ಅಮಾವಾಸ್ಯೆ ಅಮಾವಾಸ್ಯೆಗೆ ಮಠಕ್ಕೆ ಬರುತ್ತಾಳೆ. ಬಂದವಳದು ಯಾವಾಗಲೂ ಅದೇ ಮಾತು. ಹೊತ್ತಿಗೆ ಸರಿಯಾಗಿ ಉಣ್ಣು, ತಣ್ಣೀರಲ್ಲಿ ಮೀಯಬೇಡ, ತಲೆಗೆ ಎಣ್ಣೆ ಹಚ್ಚಿಕೋ. ನನ್ನನ್ನು ಎತ್ತಿ ಆಡಿಸಿದವಳು, ನಿಜ. ಆದರೆ ಅದೆಲ್ಲ ನನಗೀಗ ಗೊತ್ತಿದೆ. ಅಷ್ಟು ದೂರದಿಂದ ಬಂದು ಹೇಳಬೇಕಾದ್ದೇನೂ ಉಳಿದಿಲ್ಲ. ಅವಳ ಮನಸ್ಸಿಗೆ ನೋವಾಗದ ಹಾಗೆ, ಇನ್ನು ಬರಬೇಡ ಎಂದು ಹೇಳುವುದು ಹೇಗೆ?"

ಗುರುಗಳು ಮೊರ ಮುಂದಿಟ್ಟುಕೊಂಡು ಅವರೆಕಾಯಿ ಸುಲಿಯುತ್ತಿದ್ದರು. "ಬರೀ ಕೈಯಲ್ಲಿ ಕೂರಬೇಡ, ನೀನೂ ನಾಲ್ಕು ಸುಲಿ" ಎಂದು ಅವನ ಮುಂದೆ ಒಂದು ಹಿಡಿ ಕಾಯಿ ಹಾಕಿ ಕತೆ ಶುರು ಮಾಡಿದರು.

ಒಬ್ಬ ಚಾಲಕನಿದ್ದ. ಅವನದೊಂದು ಹಳೆಯ ಕಾರು. ಹಿಂದಿನ ಸೀಟು ಕಿತ್ತುಹಾಕಿ ಅಲ್ಲಿ ಹೂವಿನ ಬುಟ್ಟಿ ಜೋಡಿಸುತ್ತಿದ್ದ. ಹಿಂದಿನ ಸಂಜೆ ತೋಟಗಳಿಗೆ ಹೋಗಿ ಹೂವು ಕೊಂಡು ತರುವವಳು ಹೆಂಡತಿ, ಪೇಟೆಗೆ ಸಾಗಿಸುವವನು ಅವನು. ಬೆಳಗಿನ ಜಾವ ಇಬ್ಬರೂ ಮುಂದೆ ಕೂತು ಹೊರಟರೆಂದರೆ ಗಾಡಿಯ ತುಂಬ ಸೇವಂತಿಗೆಯ ಘಮ, ಅವಳ ಬಾಯಿ ತುಂಬ ಮಾತು. ಮದುವೆಯಾದಾಗಿನಿಂದ ಹೀಗೇ ನಡೆದಿತ್ತು.

ಚಾಲಕ ಹರೆಯದಲ್ಲಿ ಕಲ್ಲು ಪುಡಿಮಾಡುವ ಕ್ರಷರಿನಲ್ಲಿ ದುಡಿದವನು. ಆ ಸದ್ದು ಅವನ ಕಿವಿಯನ್ನು ಸ್ವಲ್ಪ ಸ್ವಲ್ಪವೇ ತಿಂದುಹಾಕಿತ್ತು. ಮೊದಲು ಹಕ್ಕಿಯ ಕೂಗು ಹೋಯಿತು. ಆಮೇಲೆ ಬಾಗಿಲು ಬಡಿಯುವುದು ಹೋಯಿತು. ಕೊನೆಗೆ ತನ್ನ ಗಾಡಿಯ ಇಂಜಿನ್ನೇ ಕೇಳಿಸದಾಯಿತು. ಪಳಗಿದ ಚಾಲಕ ಗೇರ್ ಬದಲಿಸುವುದು ಕಿವಿಯಿಂದ ತಾನೆ? ಇಂಜಿನ್ ದನಿ ಏರಿಸಿ ಕಿರುಚತೊಡಗಿದರೆ ಮೇಲಿನ ಗೇರಿಗೆ ಹಾಕಬೇಕು. ಅದಕ್ಕೆ ಆ ಕಡೆಯ ಜನ 'ಗಾಡಿ ಅಳ್ತೈತೆ' ಅನ್ನುತ್ತಾರೆ. ಇವನ ಗಾಡಿ ಅತ್ತೂ ಅತ್ತೂ ಹೊಗೆ ಕಾರಿದರೂ ಇವನು ಹಾಯಾಗಿ ತಲೆದೂಗುತ್ತ ಕೂತಿರುತ್ತಿದ್ದ.

ಹೆಂಡತಿಗೆ ಗೊತ್ತಾಯಿತು. ಗಂಡನ ಕಿವಿ ಹೋಯಿತೆಂದು ಅವಳು ಊರಿಗೆಲ್ಲ ಸಾರಲಿಲ್ಲ, ಗಾಡಿ ಬಿಡಿ ಎಂದು ಅವನಿಗೂ ಹೇಳಲಿಲ್ಲ. ಹೊತ್ತು ನೋಡಿ ಅವನ ಎಡಗಿವಿಗೆ ಬಾಗಿ, "ಅಳ್ತೈತೆ ಕಣ್ರೀ" ಎನ್ನುವಳು. ಅವನು ಗೇರ್ ಹಾಕುವನು. ಗಾಡಿ ಬೆಣ್ಣೆಯ ಹಾಗೆ ಮುಂದೆ ಹೋಗುವುದು. ಜಗಳವಾಡಿ ಮುಖ ಊದಿಸಿಕೊಂಡು ಕೂತ ದಿನವೂ ಆ ಒಂದು ಮಾತನ್ನು ಮಾತ್ರ ಅವಳು ತಪ್ಪಿಸಲಿಲ್ಲ.

ಇಂಥದ್ದು ಎಷ್ಟು ದಿನ ಗುಟ್ಟಾಗಿ ಉಳಿದೀತು? ಪೇಟೆಯ ಹಮಾಲರು ಬಲು ಚೇಷ್ಟೆಯವರು. ಅವಳು ಗಾಡಿಯಿಂದ ಇಳಿದರೆ ಸಾಕು, "ಬಂತಪ್ಪಾ, ಅಣ್ಣನ ಕಿವಿ ಸೀರೆ ಉಟ್ಕೊಂಡು ಬಂತು!" ಎಂದು ಕೂಗುವರು. ಅವಳೂ ಅವರ ಜೊತೆ ನಕ್ಕುಬಿಡುವಳು. ಕೇಳಿಸಬೇಕಾದ್ದೊಂದೂ ಕೇಳಿಸದ ಆ ಪುಣ್ಯಾತ್ಮನಿಗೆ ಅದೊಂದು ಮಾತು ಮಾತ್ರ ಸ್ಪಷ್ಟವಾಗಿ ಕೇಳಿಸಿತು. ಮೈಯೆಲ್ಲ ಉರಿದುಹೋಯಿತು. ಹೆಂಡತಿ ಹೇಳದೆ ಗೇರ್ ಹಾಕಲಾರದವನು ಎಂಥ ಚಾಲಕ ಎಂದು ತನ್ನನ್ನು ತಾನೇ ಕೇಳಿಕೊಂಡ.

ಅವನು ಕೈಕೆಲಸದಲ್ಲಿ ಗಟ್ಟಿಗ. ರೇಡಿಯೊ ರಿಪೇರಿ ಮಾಡುವ ಗೆಳೆಯನೊಬ್ಬನಿದ್ದ, ಅವನ ಅಂಗಡಿಗೆ ಹೋಗಿ ಕೂತ. ಇಂಜಿನ್ ಎಷ್ಟು ಜೋರಾಗಿ ತಿರುಗುತ್ತಿದೆ ಎಂಬುದನ್ನು ಅದಕ್ಕೆ ಕಿಡಿ ಕೊಡುವ ಕಾಯಿಲಿನ ತಂತಿಯಿಂದ ತಿಳಿದುಕೊಂಡು, ಹದ ಮೀರಿದೊಡನೆ ಒಂದು ದೀಪ ಹಚ್ಚಬೇಕು. ಅಂಥದ್ದೊಂದು ಪುಟ್ಟ ಯಂತ್ರವನ್ನು, ಹಳೆಯ ರೇಡಿಯೊಗಳ ಬಿಡಿಭಾಗ ಹೆಕ್ಕಿ, ಬೆಸುಗೆ ಹಾಕಿ, ಕೈಸುಟ್ಟುಕೊಂಡು ತಾನೇ ಮಾಡಿದ. ಬಲ್ಬಿನ ಮೇಲೆ ಕೂರಿಸಲು ಕೆಂಪು ಮುಚ್ಚಳ ಬೇಕಿತ್ತು. ಹೆಂಡತಿಯ ಕುಂಕುಮದ ಡಬ್ಬಿಯದು ಕೆಂಪು ಪ್ಲಾಸ್ಟಿಕ್ಕಿನ ಮುಚ್ಚಳ, ಅವಳೇ ತೆಗೆದುಕೊಟ್ಟಳು. ಅದನ್ನು ಡ್ಯಾಶ್‌ಬೋರ್ಡಿನ ಮೇಲೆ ಕಣ್ಣಿಗೆ ನೇರವಾಗಿ ಬಿಗಿದ.

ಎಲ್ಲ ಮುಗಿಯಿತು, ಒಂದು ಉಳಿಯಿತು. ದೀಪ ಯಾವ ಹೊತ್ತಿಗೆ ಹತ್ತಬೇಕು ಎಂಬುದನ್ನು ಗೊತ್ತುಮಾಡಲು ಯಂತ್ರದಲ್ಲಿ ಒಂದು ಸಣ್ಣ ತಿರುಪು ಇತ್ತು. ಅದನ್ನು ಹದಕ್ಕೆ ತರಬೇಕಾದರೆ ಗಾಡಿಯ ಅಳು ಕೇಳಿಸಬೇಕು. ಆ ಕಿವಿ ಇದ್ದದ್ದು ಪಕ್ಕದ ಸೀಟಿನಲ್ಲಿ.

"ದಿನಾ ಹೇಳೋ ಹಾಗೇ ಹೇಳ್ತಾ ಬಾ. ನಿನ್ನ ಮಾತಿಗೆ ಸರಿಯಾಗಿ ದೀಪ ಹತ್ತೋ ಹಾಗೆ ಮಾಡ್ತೀನಿ" ಎಂದ.

ಅವಳು ಹೊಸ ಸೀರೆ ಉಟ್ಟು ಬಂದು ಕೂತಳು. ಅವನು ಓಡಿಸುವನು, ಅವಳು ಹೇಳುವಳು, ಅವನು ಗಾಡಿ ನಿಲ್ಲಿಸಿ ತಿರುಪು ತಿರುಗಿಸುವನು, ಮತ್ತೆ ಓಡಿಸುವನು. ಕಡೆಗೊಮ್ಮೆ ಅವಳು ಬಾಗಿ ಬಾಯಿ ತೆರೆಯುವುದಕ್ಕೂ ಕೆಂಪು ದೀಪ ಹತ್ತುವುದಕ್ಕೂ ಸರಿಹೋಯಿತು. ಅವನಿಗೆ ಕುಣಿಯುವಷ್ಟು ಖುಷಿ. "ಸಾಕು ಬಿಡು, ಇನ್ನು ನೀನು ಹೇಳಬೇಕಾಗಿಲ್ಲ" ಎಂದ. ಅವಳು ತನ್ನ ಕುಂಕುಮದ ಮುಚ್ಚಳ ಉರಿಯುವುದನ್ನೇ ನೋಡುತ್ತಿದ್ದು, "ಚೆನ್ನಾಗೈತೆ" ಎಂದಳು. ಮನೆ ಮುಟ್ಟುವವರೆಗೂ ಮತ್ತೆ ಮಾತಾಡಲಿಲ್ಲ. ನಿದ್ದೆ ಬಂದಿರಬೇಕು ಎಂದುಕೊಂಡ.

ಮರುದಿನ ಬೆಳಗ್ಗೆ ಅವಳು ಎಂದಿನಂತೆ ಹೂ ಮುಡಿದು ಹೊರಗೆ ಬಂದಳು. ಅವಳ ಸೀಟಿನಲ್ಲಿ ಒಂದು ಬುಟ್ಟಿ ಕೂತಿತ್ತು. "ಈ ಚಳೀಲಿ ನಿನಗ್ಯಾಕೆ ಕಷ್ಟ, ಬೆಚ್ಚಗೆ ಮನೇಲಿರು" ಎಂದ ಗಂಡ. ಅದರಲ್ಲಿ ಕಾಳಜಿ ಇರಲಿಲ್ಲವೆಂದಲ್ಲ. ಆದರೆ ಹಮಾಲರ ಬಾಯಿ ಮುಚ್ಚಿತು ಎನ್ನುವ ನೆಮ್ಮದಿ ಅದಕ್ಕಿಂತ ದೊಡ್ಡದಿತ್ತು. ಅವಳು ಮುಡಿದ ಹೂವನ್ನು ತೆಗೆದು ಗಾಡಿಯ ಕನ್ನಡಿಗೆ ಸಿಕ್ಕಿಸಿ ಒಳಗೆ ಹೋದಳು.

ಅವನು ಹೊರಟ. ಗಾಡಿ ಮಾತು ಕೇಳಲಿಲ್ಲ. ದೀಪ ಹತ್ತಿದೊಡನೆ ಮೇಲಿನ ಗೇರ್ ಹಾಕಿದರೆ ಮುಗ್ಗರಿಸುವುದು. ಏರಿನಲ್ಲಂತೂ ಗಡಗಡ ನಡುಗಿ ನಿಂತೇಬಿಡುವುದು. ಸದ್ದು ಕೇಳಿಸದಿದ್ದರೂ ನಡುಕ ಮೈಗೆ ಗೊತ್ತಾಗುತ್ತದಲ್ಲ. ಹಿಂದೆ ಬಂದ ಲಾರಿಯವನು ಬೈದುಕೊಂಡು ಹೋದ. ಮನೆಗೆ ಬಂದವನೇ ಹೆಂಡತಿಯ ಮೇಲೆ ಹರಿಹಾಯ್ದ.

"ಒಂದು ಮಾತು ಸರಿಯಾಗಿ ಹೇಳೋಕೆ ಬರಲಿಲ್ವಲ್ಲ ನಿನಗೆ!"

"ನಾನು ದಿನಾ ಹೇಳೋ ಹೊತ್ತಿಗೇ ಹೇಳಿದ್ದು ಕಣ್ರೀ" ಎಂದಳು ಅವಳು, ಅವನ ಕಿವಿಯ ಹತ್ತಿರ ಬಂದು. "ಬೇಕಾದ್ರೆ ನಾಳೆ ಬರ್ಲಾ? ಇನ್ನೊಂದ್ಸಲ ಹೇಳ್ತೀನಿ."

"ಬೇಡ" ಎಂದ.

ಅವಳು ಅದನ್ನು ಕೇಳಿದ್ದು ಎಷ್ಟು ಆಸೆಯಿಂದ ಎಂದು ಅವನಿಗೆ ಆಗ ಹೊಳೆಯಲಿಲ್ಲ. ಬಿಗುಮಾನ ಅವನ ಕಣ್ಣು ಕಟ್ಟಿತ್ತು. ತಿರುಪನ್ನು ತಾನೇ ಮುಟ್ಟುವ ಹಾಗಿಲ್ಲ, ಅವಳನ್ನು ಕರೆಯುವ ಮನಸ್ಸಿಲ್ಲ. ನಡುಗುವ ಗಾಡಿಯನ್ನೇ ಒದ್ದಾಡಿಕೊಂಡು ಓಡಿಸಿದ. ಪಕ್ಕದ ಸೀಟಿನ ಬುಟ್ಟಿ ಅಲ್ಲೇ ಉಳಿಯಿತು.

ಆ ಚಳಿಗಾಲ ಕಳೆಯುವ ಮೊದಲೇ ಅವಳಿಗೆ ಜ್ವರ ಬಂತು. ಹೋಗುತ್ತೆ ಬಿಡಿ ಎಂದು ಅವಳೇ ಗಂಡನನ್ನು ಪೇಟೆಗೆ ಕಳಿಸಿದಳು. ಅವನು ಹಿಂತಿರುಗುವಷ್ಟರಲ್ಲಿ ಜ್ವರ ನೆತ್ತಿಗೇರಿತ್ತು. ದನಿ ಬಿದ್ದುಹೋಗಿ ತುಟಿ ಮಾತ್ರ ಆಡುತ್ತಿತ್ತು. ಅವನು ತನ್ನ ಎಡಗಿವಿಯನ್ನು ತಂದು ಅವಳ ಬಾಯಿಗೆ ಹಿಡಿದ. ಏನೂ ಕೇಳಿಸಲಿಲ್ಲ. ಅವಳು ಏನಾದರೂ ಹೇಳಿದಳೋ, ಬರೀ ಉಸಿರಾಡಿದಳೋ, ಅದೂ ತಿಳಿಯಲಿಲ್ಲ. ಹಾಗೇ ಹೋದಳು.

ತಿಥಿ ಮುಗಿದ ಮೇಲೆ ಚಾಲಕ ಮತ್ತೆ ಗಾಡಿ ತೆಗೆದ. ಹೂವಿನ ವಾಸನೆ ಅವನಿಗೆ ತಡೆಯಲಾಗುತ್ತಿರಲಿಲ್ಲ, ಆದರೂ ಬದುಕು ನಡೆಯಬೇಕಲ್ಲ. ಇವನೊಬ್ಬನೇ ಹೋಗುವುದು ಬೇಡವೆಂದು ರೇಡಿಯೊ ಗೆಳೆಯ ಅವತ್ತು ಜೊತೆಗೆ ಬಂದ, ಪಕ್ಕದ ಸೀಟಿನ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ಎರಡು ಏರು ಹತ್ತುವಷ್ಟರಲ್ಲಿ ಅವನಿಗೆ ತಿಳಿದುಹೋಯಿತು.

"ದೀಪ ಬೇಗ ಹತ್ತುತ್ತೆ ಕಣೋ" ಎಂದು ಕೂಗಿ ಹೇಳಿದ. "ಗಾಡಿ ಇನ್ನೂ ಅತ್ತೇ ಇರೋದಿಲ್ಲ."

ಗೆಳೆಯ ಹೇಳಿದ್ದು ಅಷ್ಟೇ. ಚಾಲಕ ರಸ್ತೆಯ ಮಗ್ಗುಲಿಗೆ ಗಾಡಿ ನಿಲ್ಲಿಸಿದ. ಅಳುವ ಮೊದಲೇ ಹತ್ತುತ್ತದೆಯೆ? ಅವಳು ದಿನಾ ಹೇಳುವ ಹೊತ್ತಿಗೇ ಹೇಳಿದ್ದೆ ಎಂದಿದ್ದಳು. ಅಂದರೆ ಇಷ್ಟು ವರ್ಷವೂ ಅವಳು ಗಾಡಿ ಅಳುವ ಮೊದಲೇ ಹೇಳುತ್ತಿದ್ದಳು. ಅವಳು ಬಾಗಬೇಕು, ಮಾತು ಆ ಮಂದ ಕಿವಿಯೊಳಗೆ ಇಳಿಯಬೇಕು, ಅದು ಇವನಿಗೆ ಅರ್ಥವಾಗಿ ಕೈ ಗೇರಿಗೆ ಹೋಗಬೇಕು. ಅದಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆಯೋ ಅಷ್ಟು ಮುಂಚೆಯೇ ಅವಳು ಬಾಯಿ ತೆರೆಯುತ್ತಿದ್ದಳು. ಅವನು ತಡವಾಗಿ ಕೇಳುತ್ತಾನೆಂದು ಅವನಿಗೇ ಗೊತ್ತಾಗದ ಹಾಗೆ. ಹಾಗೆ ಮಾಡುತ್ತಿದ್ದೇನೆಂದು ಪಾಪ, ಅವಳಿಗಾದರೂ ಗೊತ್ತಿತ್ತೋ ಇಲ್ಲವೋ.

ಗೆಳೆಯ ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದು, "ಒಂಚೂರು ಸಡಿಲ ಮಾಡಿದ್ರೆ ಸರಿಹೋಗುತ್ತೆ" ಎಂದು ತಿರುಪಿಗೆ ಕೈ ಹಾಕಿದ. ಚಾಲಕ ಅದರ ಮೇಲೆ ತನ್ನ ಅಂಗೈ ಮುಚ್ಚಿ ಹಿಡಿದ. "ಮುಟ್ಟಬೇಡ" ಎಂದ. ಆಮೇಲೆ ಸ್ಟೀರಿಂಗಿಗೆ ಹಣೆಯಿಟ್ಟು ಮಗುವಿನ ಹಾಗೆ ಅತ್ತ. ತನ್ನ ಅಳು ಎಷ್ಟು ಜೋರಾಗಿತ್ತೆಂದು ಅವನಿಗೆ ಗೊತ್ತಾಗಲಿಲ್ಲ.

ಮರುದಿನದಿಂದ ಅವನು ಪಕ್ಕದ ಸೀಟಿನಲ್ಲಿ ಬುಟ್ಟಿ ಇಡಲಿಲ್ಲ. ಕೆಂಪು ದೀಪ ಹತ್ತುವುದು. ಅವನು ಕೂಡಲೇ ಗೇರ್ ಹಾಕುವುದಿಲ್ಲ. ಎಡಗಿವಿಯನ್ನು ಖಾಲಿ ಸೀಟಿನ ಕಡೆಗೆ ಸ್ವಲ್ಪ ವಾಲಿಸುವನು. ಒಬ್ಬಳು ಬಾಗಿ ಒಂದು ಮಾತು ಹೇಳಿ ಮುಗಿಸುವಷ್ಟು ಹೊತ್ತು ಕಾಯುವನು. ಆಮೇಲೆ ಹಾಕುವನು. ಗಾಡಿ ಮತ್ತೆಂದೂ ನಡುಗಲಿಲ್ಲ.

ಕತೆ ಮುಗಿಯಿತು. ಶಿಷ್ಯನ ಮುಂದಿನ ಕಾಯಿ ಒಂದೂ ಸುಲಿಯದೆ ಹಾಗೇ ಇತ್ತು. ಗುರುಗಳು ಅದನ್ನೂ ತಮ್ಮ ಮೊರಕ್ಕೆ ಎಳೆದುಕೊಂಡರು.

"ಇವತ್ತು ಅಮಾವಾಸ್ಯೆ, ನಿಮ್ಮಕ್ಕ ಆಗಲೇ ಬಂದು ಹೊರಗೆ ಜಗಲಿಯ ಮೇಲೆ ಕೂತಿದ್ದಾಳೆ, ಹೋಗು, ಇನ್ನು ಬರಬೇಡ ಅಂತ ಹೇಳಿ ಬಾ" ಎಂದರು.