ಮುಚ್ಚಿಸಿದ ಬಾವಿ

ರೋಗಸಂಶೋಧನೆಯ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಿದ್ದ ನೀಲಾಂಬಿಕೆ ತನ್ನ ಗುರುಗಳ ಬಳಿ ಬಂದು ಕೇಳಿದಳು:

“ಗುರುಗಳೇ, ರಕ್ತದಲ್ಲಿ ರೋಗದ ಗುರುತು ಹಿಡಿಯಲು ನಾವು ಕಣ್ಣಿಗೆ ಕಾಣದಷ್ಟು ಸಣ್ಣ ಮಣಿಗಳನ್ನು ಬಳಸುತ್ತೇವೆ. ವರ್ಷಗಟ್ಟಲೆ ಅವನ್ನು ನಂಬಿದೆ, ನಂಬಿ ಪ್ರಬಂಧ ಬರೆದೆ. ಆಸ್ಪತ್ರೆಗಳಲ್ಲಿ ಅದನ್ನು ಓದಿ ಚಿಕಿತ್ಸೆಯನ್ನೇ ಬದಲಿಸಿದರು. ಈಗ ನೋಡಿದರೆ ಒಂದೇ ರಕ್ತಕ್ಕೆ ನಿನ್ನೆ ‘ಇದೆ’ ಎಂದ ಮಣಿಗಳು ಇಂದು ‘ಇಲ್ಲ’ ಎನ್ನುತ್ತಿವೆ. ಬೇಸತ್ತು ಎಲ್ಲವನ್ನೂ ಎಸೆದುಬಿಟ್ಟೆ. ಇನ್ನು ಯಾವುದನ್ನು ನಂಬಲಿ?”

ಗುರುಗಳು ಹೇಳಿದರು:

ಒಬ್ಬ ವೈದ್ಯನಿದ್ದ. ವ್ಯಾಪಾರಿಯೊಬ್ಬ ಅವನಿಗೆ ಒಂದು ಚೀಲ ಬಿಳಿ ಮಣಿಗಳನ್ನು ಮಾರಿದ. ಕೆಟ್ಟ ನೀರಿಗೆ ಬಿದ್ದರೆ ಮಣಿ ನೀಲಿಯಾಗುತ್ತದೆ ಎಂದ. ವೈದ್ಯನಿಗೆ ಖುಷಿಯೋ ಖುಷಿ. ಅಲ್ಲಿಯವರೆಗೆ ನೀರನ್ನು ಕುದಿಸಿ, ಬತ್ತಿಸಿ, ತಳದಲ್ಲಿ ಉಳಿದದ್ದನ್ನು ನೋಡಬೇಕಿತ್ತು. ಈಗ ಊರೂರು ತಿರುಗಿ, ಬಾವಿಗೊಂದು ಮಣಿ ಇಳಿಬಿಟ್ಟು, ನಿಂತಲ್ಲೇ ತೀರ್ಪು ಕೊಡತೊಡಗಿದ. ಒಂದು ಹಳ್ಳಿಯಲ್ಲಿ ಮಣಿ ನೀಲಿಯಾಯಿತು. ತಾತನ ಕಾಲದಿಂದ ಕುಡಿದ ಬಾವಿಗೆ ಜನ ಚಪ್ಪಡಿ ಎಳೆದರು. ಎಮ್ಮೆ ಮೈತೊಳೆಯುವ ಕೆರೆಯ ನೀರನ್ನು ಮನೆಗೆ ಹೊತ್ತರು.

ಒಂದು ದಿನ ವೈದ್ಯನ ಕೈಜಾರಿ ಎರಡು ಮಣಿಗಳು ಒಂದೇ ಕೊಡಕ್ಕೆ ಬಿದ್ದವು. ಒಂದು ನೀಲಿಯಾಯಿತು, ಇನ್ನೊಂದು ಬೆಳ್ಳಗೇ ಉಳಿಯಿತು. ಅವನು ಕೆಂಡಾಮಂಡಲವಾಗಿ ವ್ಯಾಪಾರಿಯ ಅಂಗಡಿಗೆ ಹೋದ.

“ಏನಯ್ಯಾ, ಇಷ್ಟು ದಿನ ನನಗೆ ಟೋಪಿ ಹಾಕಿದೆಯಾ?”

“ಇಷ್ಟು ದಿನದಲ್ಲಿ ಒಮ್ಮೆಯಾದರೂ ಎರಡು ಮಣಿ ಹಾಕಿ ನೋಡಿದ್ದಿರಾ, ಸ್ವಾಮಿ?”

ವೈದ್ಯ ಸರಸರನೆ ಅಂಗಡಿಯಿಂದ ಹೊರಬಿದ್ದ. ಚೀಲವನ್ನು ಹೊಳೆಗೆ ಎಸೆದ. ಕಂಡಕಂಡವರ ಮುಂದೆ ವ್ಯಾಪಾರಿಯನ್ನು ಬೈದ. ಮತ್ತೆ ನೀರು ಕುದಿಸಲು ಕೂತ. ಮನಸ್ಸು ಹಗುರವಾಯಿತು.

ಆಮೇಲೆ ಆ ಹಳ್ಳಿಯ ತಾಯಿಯೊಬ್ಬಳು ವಾಂತಿಭೇದಿ ಹತ್ತಿದ ಮಗುವನ್ನು ಎತ್ತಿಕೊಂಡು ಬಂದಳು. “ನೀವು ಹೇಳಿದ ಮೇಲೆ ನಾವ್ಯಾರೂ ಆ ಬಾವಿ ಮುಟ್ಟಿಲ್ಲ, ಸ್ವಾಮಿ” ಎಂದಳು. ವೈದ್ಯ ಕೆಟ್ಟವನಲ್ಲ, ಮರ್ಯಾದೆಗೆ ಅಂಜುವವನು. ಇದ್ದುದರಲ್ಲಿ ಒಳ್ಳೆಯ ಮದ್ದನ್ನೇ ಕೊಟ್ಟ. ಬಾವಿಯ ಮಾತು ಎತ್ತಲಿಲ್ಲ. ಮಗು ಉಳಿಯಲಿಲ್ಲ.

ನೀಲಾಂಬಿಕೆ ಕಣ್ಣೊರೆಸಿಕೊಂಡಳು. “ಅಂಥ ಮಣಿ ಮಾರಿದವನಿಗೆ ಶಿಕ್ಷೆಯಾಗಲಿಲ್ಲವೇ?” ಎಂದಳು.

ಗುರುಗಳು ಅವಳನ್ನೇ ನೋಡಿದರು.

“ಮಣಿಗಳನ್ನು ಎಸೆದೆ, ಸರಿ, ನೀನು ಮುಚ್ಚಿಸಿದ ಬಾವಿ ತೆರೆಯಲು ಯಾವಾಗ ಹೊರಡುತ್ತೀಯ, ಮಗಳೇ?”