ಪಾತ್ರೆ ವ್ಯಾಪಾರಿಯ ಮೆಚ್ಚಿನ ಪಟ

"ಬುದ್ಧಿ, ಮೆಚ್ಚಿನ ಪಟವೊಂದನ್ನು ನೋಡಿದಾಗ ಮನಸ್ಸು ಅರಳುತ್ತದಲ್ಲ, ಆ ಸಂತೋಷ ಇರುವುದು ಪಟದಲ್ಲೋ, ನೋಡುವವನಲ್ಲೋ?" ಎಂದು ಶಿಷ್ಯ ಕೇಳಿದ.

ಅವನು ಮಠ ಸೇರಿ ಇನ್ನೂ ಆರು ತಿಂಗಳಾಗಿರಲಿಲ್ಲ. ಮನೆ ಬಿಟ್ಟು ಹೊರಟ ದಿನ ಮನೆಯವರೊಂದಿಗೆ ತೆಗೆಸಿಕೊಂಡ ಪಟವೊಂದು ಅವನ ಪುಸ್ತಕದೊಳಗಿತ್ತು. ಅದರಲ್ಲಿ ಎಲ್ಲರೂ ನಗುತ್ತಿದ್ದರು. ದಿನಕ್ಕೆರಡು ಸಲ ಅದನ್ನು ತೆಗೆದು ನೋಡುತ್ತಿದ್ದ. ಅದು ತಪ್ಪೆಂದು ಯಾರೂ ಅಂದಿರಲಿಲ್ಲ. ಸರಿಯೆಂದು ಗುರುಗಳು ಒಂದು ಮಾತು ಹೇಳಿಬಿಟ್ಟರೆ ಹಗುರಾಗಬಹುದು ಎಂಬ ಆಸೆ ಅವನಿಗೆ.

ಗುರುಗಳು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. "ಕೂತುಕೋ" ಎಂದು ಹೇಳಿ ಈ ಕತೆಯನ್ನು ಹೇಳಿದರು.

ಒಂದೂರಿನಲ್ಲಿ ಒಬ್ಬ ಪಾತ್ರೆ ವ್ಯಾಪಾರಿ ಇದ್ದ. ಕೆಟ್ಟವನಲ್ಲ. ತೂಕದಲ್ಲಿ ಮೋಸವಿಲ್ಲ, ಮಾತಿನಲ್ಲಿ ಒರಟುತನವಿಲ್ಲ. ಕೆಟ್ಟವನಾಗಿದ್ದರೆ ಈ ಕತೆ ಹೇಳುವುದು ಸುಲಭವಾಗುತ್ತಿತ್ತು.

ಅವನಿಗೆ ಹೆಣ್ಣು ಹುಡುಕುವ ಕಾಲ ಬಂತು. ದಲ್ಲಾಳಿ ಜಾತಕಗಳ ಜೊತೆಗೆ ಪಟಗಳನ್ನೂ ತಂದುಕೊಟ್ಟ. ಎಲ್ಲವೂ ಒಂದೇ ಥರ. ರೇಷ್ಮೆ ಸೀರೆ ಉಟ್ಟು ನಿಂತ ಹುಡುಗಿ, ಪಕ್ಕದಲ್ಲೊಂದು ಹೂದಾನಿ, ಮುಖದಲ್ಲಿ ಒಪ್ಪುತ್ತಾರೋ ಇಲ್ಲವೋ ಎಂಬ ಹೆದರಿಕೆ. ಒಂದು ಪಟ ಮಾತ್ರ ಬೇರೆ. ಬೆಂಕಿಪೊಟ್ಟಣದಷ್ಟು ಚಿಕ್ಕದು, ಬರೀ ಮುಖ. ಆ ಮುಖ ನಗುತ್ತಿತ್ತು. ತಡೆಯಲು ಹೋಗಿ ತಡೆಯಲಾರದೆ ಹೊರಬಿದ್ದ ನಗು.

ವ್ಯಾಪಾರಿ ಅಲ್ಲೇ ಸೋತ. ನನ್ನನ್ನು ಕಾಣುವ ಮೊದಲೇ ನನಗಾಗಿ ನಕ್ಕಿದ್ದಾಳೆ ಎಂದುಕೊಂಡ. ಹೆಣ್ಣು ತೋರಿಸುವ ಪಟ ಇಷ್ಟು ಚಿಕ್ಕದಿರುತ್ತದೆಯೇ ಎಂದು ಅವನಿಗೆ ಹೊಳೆಯಲೇ ಇಲ್ಲ. ಆ ನಗು ತುಂಬಿದ ಮನೆ, ಆ ನಗು ಬಡಿಸುವ ಊಟ, ಸಂಜೆ ಬಾಗಿಲಲ್ಲಿ ಕಾಯುವ ಆ ನಗು, ಎಲ್ಲವನ್ನೂ ಕಣ್ಣ ಮುಂದೆ ಕಟ್ಟಿಕೊಂಡ. ಹೆಣ್ಣು ನೋಡಿ ಮದುವೆಯಾಗುವವರುಂಟು, ಮನೆತನ ನೋಡಿ ಮದುವೆಯಾಗುವವರುಂಟು. ಈ ಮಹಾರಾಯ ನಗು ನೋಡಿ ಮದುವೆಯಾದ.

ಹೆಂಡತಿ ಬಂದಳು. ನಗು ಬರಲಿಲ್ಲ.

ಹಾಗೆಂದು ಅವಳು ಮುಖ ಗಂಟಿಕ್ಕಿಕೊಂಡು ಓಡಾಡುತ್ತಿರಲಿಲ್ಲ. ಹೊತ್ತಿಗೆ ಸರಿಯಾಗಿ ಅಡುಗೆ, ಬಂದವರಿಗೆ ಉಪಚಾರ, ಅತ್ತೆ ಹಾಸಿಗೆ ಹಿಡಿದಾಗ ಸೇವೆ, ಯಾವುದರಲ್ಲೂ ಬೆರಳು ತೋರಿಸುವ ಹಾಗಿರಲಿಲ್ಲ. ವ್ಯಾಪಾರಿ ಮೊದಮೊದಲು ಛೇಡಿಸಿದ. "ಪಟದಲ್ಲಿದ್ದವಳು ಎಲ್ಲಿ ಹೋದಳೇ? ಸ್ವಲ್ಪ ಕರಿ ನೋಡೋಣ" ಎನ್ನುತ್ತಿದ್ದ. ಆಮೇಲೆ ಬಳೆ ಮಾಡಿಸಿದ, ಸೀರೆ ತಂದ, ತೀರ್ಥಯಾತ್ರೆಗೆ ಕರೆದುಕೊಂಡು ಹೋದ. ಅವಳು ಬಳೆ ತೊಟ್ಟಳು, ಸೀರೆ ಉಟ್ಟಳು, ದೇವರಿಗೆ ಕೈಮುಗಿದಳು. ಅಷ್ಟೇ. ಕಲ್ಲನ್ನಾದರೂ ಕರಗಿಸಬಹುದು, ಇವಳನ್ನಲ್ಲ ಎಂದು ಕೊನೆಗೆ ಅವನು ಹಲ್ಲು ಕಡಿದ.

ಹೆಂಡತಿಯಲ್ಲಿ ಸಿಗದ್ದನ್ನು ಪಟದಲ್ಲೇ ಹುಡುಕತೊಡಗಿದ. ಅದನ್ನು ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ, ಅಂಗಡಿಯ ಗೋಡೆಗೆ ತೂಗುಹಾಕಿದ. ಬೆಳಿಗ್ಗೆ ದೇವರಿಗೆ ಊದುಬತ್ತಿ ಹಚ್ಚಿದ ಮೇಲೆ ಅದರ ಮುಂದೆ ಗಳಿಗೆ ಹೊತ್ತು ನಿಲ್ಲುತ್ತಿದ್ದ. ಅವನ ದಿನದ ಸುಖವೆಂದರೆ ಅದೊಂದೇ. ಕೇಳಿದವರಿಗೆ "ನಮ್ಮ ಮನೆಯವರು. ನನ್ನನ್ನು ನೋಡೋಕೆ ಮುಂಚೇನೇ ನನಗೋಸ್ಕರ ನಕ್ಕಿದ್ದು" ಎಂದು ಹೇಳಿ ಹಿಗ್ಗುತ್ತಿದ್ದ.

ಒಂದು ಮಧ್ಯಾಹ್ನ ಹೊಸ ಗಿರಾಕಿಯೊಬ್ಬ ಆ ಪಟಕ್ಕೆ ಕೈಮುಗಿದು, "ಪಾಪ, ಇವರು ಯಾವಾಗ ತೀರಿಕೊಂಡರು?" ಎಂದು ಕೇಳಿಬಿಟ್ಟ. ಅವನ ತಪ್ಪೇನಿಲ್ಲ. ಕಟ್ಟು ಹಾಕಿಸಿ ಗೋಡೆಗೇರಿಸಿದ ಹೆಂಗಸಿನ ಪಟವೆಂದರೆ ನಮ್ಮ ಕಡೆ ಅರ್ಥ ಅದೇ ತಾನೆ? ವ್ಯಾಪಾರಿ ಕೆಂಡವಾದ. ಊಟದ ಕ್ಯಾರಿಯರ್ ತಂದ ಹೆಂಡತಿ ಅಲ್ಲೇ ನಿಂತಿದ್ದಳು. ಅಷ್ಟು ವರ್ಷಗಳಲ್ಲಿ ಅವಳ ತುಟಿ ನಗುವಿನ ಹತ್ತಿರ ಬಂದದ್ದು ಅದೊಂದೇ ಸಲ.

ಮದುವೆಯಾಗಿ ಹದಿನೈದು ವರ್ಷ ತುಂಬಿದಾಗ ವ್ಯಾಪಾರಿ ಅವಳನ್ನು ಸ್ಟುಡಿಯೋಕ್ಕೆ ಕರೆದುಕೊಂಡು ಹೋದ. ಅದೇ ನಗು, ಪಕ್ಕದಲ್ಲಿ ತಾನು, ಇಂಥದ್ದೊಂದು ಪಟ ಬೇಕೆಂಬುದು ಅವನ ಬಹುದಿನದ ಕನಸು. ಪಟ ತೆಗೆಯುವವನು "ನಗಿ ತಾಯಿ, ಇನ್ನೊಂಚೂರು" ಎಂದ. ಅವಳು ಪ್ರಯತ್ನಪಟ್ಟಳು. ಹಲ್ಲು ಕಂಡವು, ನಗು ಕಾಣಲಿಲ್ಲ. ನಾಲ್ಕನೆಯ ಸಲಕ್ಕೆ ವ್ಯಾಪಾರಿಯ ತಾಳ್ಮೆಯ ಕಟ್ಟೆಯೊಡೆಯಿತು.

"ಆವತ್ತು ಪಟಕ್ಕೆ ಅಷ್ಟು ಚೆನ್ನಾಗಿ ನಕ್ಕವಳು ನೀನೇ ತಾನೆ? ನನ್ನ ಕೈ ಹಿಡಿದ ಮೇಲೆ ಏನು ಬಂತು ನಿನಗೆ? ನಾನೇನು ಕಡಿಮೆ ಮಾಡಿದ್ದೀನಿ?"

ಅವಳು ಸೆರಗು ಸರಿಮಾಡಿಕೊಂಡಳು. "ಅದು ಗಂಡಿಗೆ ತೋರಿಸೋಕೆ ತೆಗೆಸಿದ್ದಲ್ಲ. ಟೀಚರ್ ಟ್ರೈನಿಂಗ್ ಅರ್ಜಿಗೆ ಅಂಟಿಸೋಕೆ ತೆಗೆಸಿದ್ದು. ಅರ್ಜಿ ಪಟಕ್ಕೆ ನಗಬಾರದಮ್ಮ ಅಂತ ಸ್ಟುಡಿಯೋದವರು ಎರಡು ಸಲ ಗದರಿದರು. ಟೀಚರಾಗ್ತೀನಿ ಅನ್ನೋ ಸಂತೋಷ, ತಡ್ಕೊಳ್ಳೋಕೆ ಆಗಲಿಲ್ಲ. ಮೂರು ಪ್ರತಿ ಬಂತು. ಮೂರನ್ನೂ ನಮ್ಮಪ್ಪ ದಲ್ಲಾಳಿ ಕೈಗೆ ಕೊಟ್ಟರು. ಅರ್ಜಿ ಹಾಕೋ ಕೊನೇ ದಿನ ನೀವು ನನ್ನ ನೋಡೋಕೆ ಬಂದ್ರಿ."

"ಇಷ್ಟು ವರ್ಷ ಯಾಕೆ ಹೇಳಲಿಲ್ಲ?"

"ಈಗ ಯಾಕೆ ನಗಲ್ಲ ಅಂತ ದಿನಾ ಕೇಳಿದ್ರಿ. ಆವತ್ತು ಯಾಕೆ ನಕ್ಕೆ ಅಂತ ಒಂದು ಸಲಾನೂ ಕೇಳಲಿಲ್ಲ."

ಪಟ ತೆಗೆಸದೆಯೇ ಇಬ್ಬರೂ ಹೊರಬಂದರು. ಅವನು ಮುಂದೆ, ಅವಳು ಹಿಂದೆ. ಹದಿನೈದು ವರ್ಷ ತನ್ನದೆಂದು ಮುದ್ದಾಡಿದ ನಗು ತನ್ನದಲ್ಲ ಎಂಬುದು ವ್ಯಾಪಾರಿಯ ಎದೆಗೆ ಚುಚ್ಚಿತು. ಅದನ್ನು ನಿಲ್ಲಿಸಿದವರಲ್ಲಿ ತಾನೂ ಒಬ್ಬ ಎಂಬುದು ಇನ್ನೂ ಆಳಕ್ಕೆ ಇಳಿಯಿತು. ಈಗಲಾದರೂ ಓದುತ್ತೀಯಾ ಎಂಬ ಮಾತು ನಾಲಿಗೆಯ ತುದಿಗೆ ಬಂತು. ಹೂಂ ಎಂದುಬಿಟ್ಟರೆ ಮನೆಯ ಗತಿಯೇನು ಎಂಬ ಹೆದರಿಕೆಯೂ ಅದರ ಬೆನ್ನಿಗೇ ಬಂತು. ಅವನು ಮಾತನ್ನು ನುಂಗಿಕೊಂಡ. ಅವಳಿಗೂ ಅದು ತಿಳಿಯಿತು. ಹದಿನೈದು ವರ್ಷ ಜೊತೆಗೆ ಬಾಳಿದವಳಿಗೆ ಅಷ್ಟೂ ತಿಳಿಯದೇ?

ಮಾರನೆಯ ದಿನ ಗಿರಾಕಿಯೊಬ್ಬ ಗೋಡೆಯ ಪಟ ತೋರಿಸಿ ಯಾರೆಂದು ಕೇಳಿದ. ವ್ಯಾಪಾರಿ ಎಂದಿನ ಮಾತನ್ನೇ ಹೇಳಿದ, ತನಗೋಸ್ಕರ ನಕ್ಕದ್ದು ಎಂದ. ಹೇಳುವಾಗ ಪಟದ ಕಡೆ ತಿರುಗಲಿಲ್ಲ. ಎಂಥ ಪ್ರೀತಿ ಎಂದು ಗಿರಾಕಿ ತಲೆದೂಗಿದ.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಶಿಷ್ಯನ ಕಣ್ಣು ಒದ್ದೆಯಾಗಿತ್ತು. ತಡೆಯಲಾರದೆ ಕೇಳಿದ:

"ಅಯ್ಯೋ ಪಾಪ. ಆ ವ್ಯಾಪಾರಿಗೆ ಆಮೇಲಾದರೂ ನೆಮ್ಮದಿ ಸಿಕ್ಕಿತೇ ಬುದ್ಧಿ?"

ಗುರುಗಳು ಅವನ ಮುಖವನ್ನೇ ನೋಡುತ್ತ ಹೇಳಿದರು: "ನೀನೂ ಅವನನ್ನೇ ವಿಚಾರಿಸಿದೆಯಲ್ಲ, ಮಗು."