ಮೂವತ್ತೊಂದು ಜನರ ಹೇಳಿಕೆ

ಒಂದೂರಿನಲ್ಲಿ ಒಂದು ನೂಲಿನ ಗಿರಣಿ ಇತ್ತು. ಒಂದು ದಿನ ಇದ್ದಕ್ಕಿದ್ದಂತೆ ಗಿರಣಿಗೆ ಬೀಗ ಹಾಕಿದರು. ಬಾಗಿಲು ತೆಗೆಯಿರಿ ಎಂದು ಕೇಳಿದ ಕೆಲಸದವರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಸತ್ತವರ ಹೆಣವನ್ನೂ ಮನೆಯವರಿಗೆ ಕೊಡಲಿಲ್ಲ. ಸರ್ಕಾರದ ಕಡತದಲ್ಲಿ ಮಾತ್ರ ಹೀಗೆ ಬರೆದರು: 'ಗಾಳಿಯಲ್ಲಿ ಗುಂಡು ಹಾರಿಸಲಾಯಿತು. ಯಾರಿಗೂ ಏನೂ ಆಗಿಲ್ಲ. ಐದು ಜನ ಊರು ಬಿಟ್ಟು ಓಡಿಹೋಗಿದ್ದಾರೆ.'

ಆ ಐವರಲ್ಲಿ ಕೆಂಪಾಜಮ್ಮನ ಗಂಡ ದ್ಯಾವಯ್ಯನೂ ಒಬ್ಬ. ಅವನು ಗುಂಡೇಟಿಗೆ ಬಿದ್ದದ್ದನ್ನು ಆಕೆ ಕಣ್ಣಾರೆ ಕಂಡಿದ್ದಳು. ಆದರೂ ಪಿತೃಪಕ್ಷದಲ್ಲಿ ಗಂಡನಿಗೆ ಎಡೆ ಇಡಲು ಹೋದರೆ ಭಾವ ತಡೆಯುತ್ತಿದ್ದ.

"ಓಡೋದ ಅಂತ ಸರ್ಕಾರ್‌ದೋರೇ ಬರ್ದವ್ರೆ. ಬದುಕಿರೋನ್ಗೆ ಯಾರಾದ್ರೂ ಎಡೆ ಇಕ್ತಾರಾ?"

ಇಪ್ಪತ್ತು ವರ್ಷ ಹೀಗೇ ಕಳೆಯಿತು.

ಅದೇ ಊರಿನಲ್ಲಿ ಉಮಾಪತಿ ಎಂಬ ಪತ್ರಕರ್ತ ಪುಟ್ಟ ವಾರಪತ್ರಿಕೆ ನಡೆಸುತ್ತಿದ್ದ. ಅಂದು ನಡೆದದ್ದು ಮಣ್ಣುಪಾಲಾಗಬಾರದು ಎಂದು ಮನೆಮನೆಗೆ ಹೋಗಿ, ಬದುಕುಳಿದ ಮೂವತ್ತೊಂದು ಜನರ ಮಾತನ್ನು ಬರೆದುಕೊಂಡ. ಅಷ್ಟರಲ್ಲಿ ಹಳೆಯ ಪ್ರಕರಣದ ವಿಚಾರಣೆಗೆ ನ್ಯಾಯಾಧೀಶರೊಬ್ಬರು ಬರುತ್ತಾರೆಂದು ಸುದ್ದಿ ಬಂತು. ಉಮಾಪತಿಗೆ ದಿಗಿಲಾಯಿತು. ಗುಂಡು ಹಾರಿದ್ದು ಬೆಳಗ್ಗೆ ಎಂದು ಒಬ್ಬರು, ಮಧ್ಯಾಹ್ನ ಎಂದು ಇನ್ನೊಬ್ಬರು. ಒಬ್ಬರು ಕಂಡದ್ದು ಹತ್ತು ಪೊಲೀಸರನ್ನು, ಮತ್ತೊಬ್ಬರು ನೂರು. ಪಾಪ, ಒಳ್ಳೆಯ ಮನುಷ್ಯನೇ. ಆದರೆ ಕೈಯಲ್ಲಿ ಪೆನ್ನಿದ್ದವನಿಗೆ ತಿದ್ದುವ ಚಪಲ ನೋಡಿ! ಎಲ್ಲರ ಮಾತನ್ನೂ 'ಹನ್ನೊಂದು ಗಂಟೆ, ನಲವತ್ತು ಪೊಲೀಸರು' ಎಂದು ಸರಿಮಾಡಿಬಿಟ್ಟ.

ಬರೆದದ್ದನ್ನು ಹೇಳಿದವರಿಗೇ ಓದಿ ಹೇಳಿ ಹೆಬ್ಬೆಟ್ಟು ಹಾಕಿಸಿಕೊಳ್ಳುವುದು ಅವನ ಪದ್ಧತಿ. ಎಲ್ಲ ಕೇಳಿದ ಕೆಂಪಾಜಮ್ಮ ಹೆಬ್ಬೆಟ್ಟು ಒತ್ತಲಿಲ್ಲ.

"ಇದು ನನ್ ಮಾತಲ್ಲ ಕಣಪ್ಪ. ನಾನು ಗಡಿಯಾರ ನೋಡ್ದೋಳಲ್ಲ. ಮುದ್ದೆ ಕಟ್ತಿದ್ದೆ, ಢಂ ಅಂತು, ಹಿಟ್ಟಿನ ಕೈಲೇ ಓಡ್ದೆ. ಇನ್ನೂ ಸುಡ್ತಾನೇ ಇದ್ರು, ಬಂದೂಕ ಜನದ್ ಕಡೀಕೇ ಇತ್ತು, ಬಿದ್ದ ಐದು ಜನದಾಗೆ ನನ್ ಗಂಡಾನೂ ಒಬ್ಬ. ಅಷ್ಟೇ ಬರ್ಕೊ."

"ಒಬ್ಬೊಬ್ಬರು ಒಂದೊಂದು ಹೇಳಿದ್ರೆ ಸುಳ್ಳು ಅಂತಾರಮ್ಮ. ನಿಮ್ಮ ಕೆಲಸ ಕೆಡುತ್ತೆ."

"ಕೆಟ್ರೆ ಕೆಡ್ಲಿ. ನೋಡ್ದೇ ಇದ್ದದ್ದ ನೋಡ್ದೆ ಅಂತ ಹೇಳಿ ನನ್ ಗಂಡನ್ಗೆ ಎಡೆ ಇಕ್ಲಾ?"

ಉಮಾಪತಿ ತಿದ್ದಿದ ಹಾಳೆಗಳನ್ನು ಹರಿದುಹಾಕಿದ. ಮೂರು ದಿನ ಕೂತು ಮೂವತ್ತೊಂದನ್ನೂ ಅವರವರು ಹೇಳಿದ ಹಾಗೆಯೇ ಮತ್ತೆ ಬರೆದ.

ವಿಚಾರಣೆಯ ದಿನ ಪೊಲೀಸರ ಕಡೆಯ ವಕೀಲರು ನಗುತ್ತಾ ಎದ್ದರು. "ಸ್ವಾಮಿ, ಈ ಜನರ ಮಾತು ಒಂದಕ್ಕೊಂದು ಹೊಂದುವುದಿಲ್ಲ. ನಮ್ಮ ಒಂಬತ್ತು ಪೊಲೀಸರ ಹೇಳಿಕೆ ನೋಡಿ, ಒಂದಕ್ಷರ ಆಚೀಚೆ ಇಲ್ಲ!"

ನ್ಯಾಯಾಧೀಶರು ಕನ್ನಡಕ ತೆಗೆದರು. "ಅದೇ ನನಗೆ ಅನುಮಾನ. ಒಂದೇ ಮದುವೆಗೆ ಹೋದ ಅಣ್ಣತಮ್ಮಂದಿರೇ ಮನೆಗೆ ಬಂದು ಬೇರೆಬೇರೆ ಕಥೆ ಹೇಳುತ್ತಾರೆ. ಒಂಬತ್ತು ಜನರಿಗೆ ಒಂದೇ ನೆನಪು ಹೇಗೆ ಬಂತು? ಈ ಜನರ ಹೊತ್ತು ಹೊಂದುವುದಿಲ್ಲ, ನಿಜ. ಆದರೆ ಬಂದೂಕು ಆಕಾಶದ ಕಡೆ ಇರಲಿಲ್ಲ ಎಂದು ಮೂವತ್ತೊಂದು ಜನರೂ ಹೇಳುತ್ತಾರೆ. ಐವರು ಬಿದ್ದದ್ದನ್ನೂ ಕಂಡಿದ್ದಾರೆ."

ಕಡತದಲ್ಲಿ 'ಓಡಿಹೋದರು' ಎಂಬುದನ್ನು ಹೊಡೆದುಹಾಕಿಸಿ, 'ಪೊಲೀಸರ ಗುಂಡಿಗೆ ಸತ್ತರು' ಎಂದು ಬರೆಸಿದರು.

ಆ ವರ್ಷದ ಮಹಾಲಯ ಅಮಾವಾಸ್ಯೆಗೆ ಎಡೆಯ ಎಲೆ ಹಾಸಿದವನು ಭಾವನೇ. ಕೆಂಪಾಜಮ್ಮ ಬಡಿಸಿ, ಕೈಮುಗಿದು, ಮನಸಾರೆ ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು, ಅವಳು ಕರೆದಿದ್ದಕ್ಕೆ ಬಂದಿದ್ದ ಉಮಾಪತಿಗೆ ಹೇಳಿದಳು: "ಕೂತ್ಕೊ ಮಗ, ಉಣ್ಣು. ನನ್ ಗಂಡ ಓಡೋದೋನಲ್ಲ."

ನೀತಿ: ನೊಂದವರ ನೆನಪನ್ನು ಕಾಪಾಡುವವರು ಅದನ್ನು ತಿದ್ದಲು ಹೋಗಬಾರದು. ಹೇಳಿಕೊಟ್ಟ ಮಾತು ಎಲ್ಲರ ಬಾಯಲ್ಲೂ ಒಂದೇ ಥರ ಬರುತ್ತದೆ, ಕಂಡ ಮಾತು ಅವರವರು ಕಂಡ ಹಾಗೆ ಬರುತ್ತದೆ.